ಬೊಂಬೆ ನನ್ನ ಕಡೆ ತಿರುಗಿತು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದಾಗ ಮನಸ್ಸಿನಲ್ಲೇ ನಕ್ಕವಳು ನಾನು. ದೆವ್ವ, ಶಕುನ ಎಂದರೆ ಕಾನ್ವೆಂಟಿನ ಸಿಸ್ಟರುಗಳು ಕಣ್ಣಲ್ಲೇ ಗದರುತ್ತಿದ್ದರು. ಆ ಪಾಠ ನನ್ನೊಳಗೆ ಹಾಗೇ ಉಳಿದಿತ್ತು. ನೀವೂ ನಗಬಹುದು, ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ, ಹೊಸೂರಿನಲ್ಲಿ, ನಮ್ಮವರ ಕಾರ್ಖಾನೆಯ ಗೆಳೆಯ ಮಂಜು ಬಡ್ತಿ ಸಿಕ್ಕ ಖುಷಿಗೆ ನಮ್ಮಿಬ್ಬರನ್ನು ಹೋಟೆಲೊಂದಕ್ಕೆ ಕರೆದ. ಪುಟ್ಟ ಮಗಳು ಚಿನ್ನುವನ್ನು ಅತ್ತೆಯ ಬಳಿ ಬಿಟ್ಟು, ಬೆಳಕಿರುವಾಗಲೇ ಹೊರಟೆವು. ಹೋಟೆಲಿನ ನೆಲಮಾಳಿಗೆಯಲ್ಲಿ ಚಿಕ್ಕ ಕಾಕ್‌ಟೇಲ್ ಬಾರು. ಕಿಟಕಿಯಿಲ್ಲ, ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಬಾರಿನೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ನನ್ನ ಮೂಸಂಬಿ ರಸದ ಲೋಟದ ಅಂಚಿಗೂ ಉಪ್ಪು ಹಚ್ಚಿದ್ದರು. ಅದನ್ನು ಕರ್ಚೀಫಿನಿಂದ ಒರೆಸುತ್ತಾ ಕುಳಿತಿದ್ದೆ.

ಎದುರಿನ ವೇದಿಕೆಯಲ್ಲಿ ಮಾತನಾಡುವ ಬೊಂಬೆಯ ಆಟ. ನಡುವಯಸ್ಸಿನ ಕಲಾವಿದ ತುಟಿ ಅಲುಗಿಸದೆ ಬೊಂಬೆಯ ಬಾಯಲ್ಲಿ ತಮಿಳಿನ ಚೇಷ್ಟೆ ಆಡಿಸುತ್ತಿದ್ದ. ನಡುವೆ ನೀರು ಕುಡಿಯಲು ಲೋಟ ಎತ್ತಿದ. ಆಗ ಬೊಂಬೆಯ ತಲೆ ನಮ್ಮ ಮೇಜಿನ ಕಡೆ ತಿರುಗಿತು.

"ಅಕ್ಕಾ, ನಿಮ್ಮನೆ ಸಂಪು ಬಾಯ್ತೆರ್ಕೊಂಡೈತೆ. ಮಗು ಅಲ್ಲೇ ಆಡ್ತಾ ಐತೆ."

ಮಂಜು ಮೇಜು ಬಡಿದು ನಕ್ಕ. "ಯಾರ್ಲಾ ಇದಕ್ಕೆ ನಮ್ಮೂರ ಕನ್ನಡ ಕಲಿಸ್ದೋನು!"

ನಾನು ನೋಡುತ್ತಿದ್ದದ್ದು ಆ ಮನುಷ್ಯನ ಗಂಟಲನ್ನು. ಅಲ್ಲಿ ನೀರು ಇನ್ನೂ ಇಳಿಯುತ್ತಿತ್ತು. ಎದ್ದು ನಿಂತೆ.

"ಎಲ್ಲಿಗೇ? ತಮಾಷೆ ಕಣೇ, ಕೂತ್ಕೋ," ಎಂದರು ನಮ್ಮವರು. ನೀರಿನ ಟ್ಯಾಂಕರ್ ಬರಬೇಕಿದ್ದದ್ದು ಮಾರನೆಯ ಬೆಳಿಗ್ಗೆ. ಅಂಗಳದ ನೀರಿನ ಸಂಪಿನ ಮುಚ್ಚಳ ಹಾಕಿದ್ದನ್ನು ನಾನೇ ನೋಡಿ ಬಂದಿದ್ದೆ. ಆದರೂ ಕಾಲು ನಿಲ್ಲಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿ, ಬೀದಿಗೆ ಬಂದು ಮನೆಗೆ ಫೋನ್ ಮಾಡಿದೆ.

"ಅತ್ತೆ, ಚಿನ್ನು ಎಲ್ಲಿ?"

"ಆಚೆ ಆಡ್ತಾವ್ಳೆ ಕಣಮ್ಮಾ. ಟ್ಯಾಂಕರ್ನೋನು ಇವತ್ತೇ ಬಂದು ನೀರು ಬುಟ್ಟೋದ..."

"ಮುಚ್ಚಳ ನೋಡಿ ಅತ್ತೆ, ಮುಚ್ಚಳ!"

ಫೋನು ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಬಸ್ಸೊಂದು ಹಾರನ್ ಹೊಡೆದು ಹೋಯಿತು. ಇನ್ನೊಂದು ಕಿವಿಯನ್ನು ಅಂಗೈಯಿಂದ ಒತ್ತಿಕೊಂಡೆ. ನಮ್ಮ ಅಡಿಗೆಮನೆಯ ಕುಕ್ಕರ್ ಕೂಗಿತು. ಅದಾದ ಮೇಲೆ ಚಿನ್ನುವಿನ ಅಳು. ಮಗಳ ಅಳು ಕೇಳಿ ನನಗೆ ಜೀವ ಬಂದದ್ದು ಅದೊಂದೇ ಸಲ.

ಸಂಪಿನ ಅಂಚಿನಲ್ಲಿ ಬೋರಲು ಮಲಗಿ, ನೀರಿಗೆ ಬಿದ್ದ ಚಪ್ಪಲಿಗೆ ಕೈ ಚಾಚುತ್ತಿದ್ದಳಂತೆ. ಅತ್ತೆ ಓಡಿ ಹೋಗಿ ಎಳೆದುಕೊಂಡರಂತೆ.

ಆ ಕಲಾವಿದನಿಗೆ ಕೈಮುಗಿಯಬೇಕೆನಿಸಿ ಮತ್ತೆ ಕೆಳಗಿಳಿದೆ. ಆಟ ನಿಂತಿತ್ತು. ಬೊಂಬೆಯನ್ನು ಪೆಟ್ಟಿಗೆಗೆ ಹಾಕಿ, ಎರಡೂ ಕೈಯಿಂದ ಅದುಮಿ ಹಿಡಿದು ಕುಳಿತಿದ್ದ.

"ಎನಕ್ಕು ಕನ್ನಡಮೇ ತೆರಿಯಾದು, ಮೇಡಂ," ಎಂದ. ಕನ್ನಡದ ಒಂದು ಮಾತೂ ಬಾರದಂತೆ. ನಿಮ್ಮ ಮೇಜಿನವರೇ ಯಾರಾದರೂ ದನಿ ಮಾಡಿದರಾ ಎಂದು ನನ್ನನ್ನೇ ಕೇಳಿದ. ಇಲ್ಲ ಎಂದೆ. ತಲೆ ತಿರುಗಿಸಿದ್ದೂ ತಾನಲ್ಲ ಎಂದ.

ನಮ್ಮ ಮನೆ ಬಲ್ಲವರು ಯಾರೋ ಅಲ್ಲಿದ್ದಿರಬೇಕು ಎನ್ನುತ್ತಾರೆ ನಮ್ಮವರು. ಇರಬಹುದು. ಆದರೆ ನನಗೆ ಕಂಡಂತೆ ಆ ಕೋಣೆಯಲ್ಲಿ ನಮ್ಮ ಮನೆ ಬಲ್ಲವನು ಮಂಜು ಒಬ್ಬನೇ, ಅವನು ನಮ್ಮ ಜೊತೆಗೇ ಕುಳಿತಿದ್ದ. ಆ ದನಿ ಯಾರದೆಂದು ನನಗೆ ಇಂದಿಗೂ ಗೊತ್ತಿಲ್ಲ.

ಅಂದು ಹೊರಡುವಾಗ ಆ ಕಲಾವಿದ, ಅದು ಏನು ಹೇಳಿತು ಎಂದು ಮೆಲ್ಲಗೆ ಕೇಳಿದ. ನನಗೆ ತಮಿಳು ಬರುತ್ತದೆ, ಹೇಳಬಹುದಿತ್ತು. ಊಟ ಆಯಿತೇ ಎಂದು ಕೇಳಿತು, ಅಷ್ಟೇ ಎಂದುಬಿಟ್ಟೆ. ನಾಳೆಯೂ ಅವನು ಅದೇ ಬೊಂಬೆಯೊಳಗೆ ಕೈ ಹಾಕಬೇಕಿತ್ತಲ್ಲ.