ಅತ್ತೆಯ ಕಾಲದ ಹಗೆ

ಅಥವಾ ಕಂದೀಲು ಆರಿದ್ದು ಎರಡನೆಯ ಸಲ ಇಳಿಸಿದಾಗಲೋ? ಮೊದಲ ಸಲವೇ ಆರಿತೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯಲು ಕುಳಿತರೆ, ಹಗ್ಗದ ತುದಿಯಲ್ಲಿ ತೂಗುತ್ತ ನೆಲದ ಬಾಯೊಳಗೆ ಇಳಿದ ಆ ಬೆಳಕು ಒಮ್ಮೆ ಕುಗ್ಗಿ, ಮತ್ತೆ ಚೇತರಿಸಿಕೊಂಡಂತೆಯೂ ಕಾಣುತ್ತದೆ. ನೆನಪು ತನಗೆ ಅನುಕೂಲವಾದ ಕಡೆ ಕತ್ತಲೆ ಮಾಡಿಕೊಳ್ಳುತ್ತದೆ. ಆದ್ದರಿಂದ ನನ್ನ ತವರು ಅಂಕೋಲೆಯ ಕಡೆಯ ನೀವು, ನಾನು ಖಚಿತವಾಗಿ ಹೇಳುವುದನ್ನೂ ಸ್ವಲ್ಪ ಅನುಮಾನದಿಂದಲೇ ಓದಿರಿ.

ಎಪ್ಪತ್ತರ ದಶಕದ ದೊಡ್ಡ ಬರ ಕಳೆದ ಮೇಲೆ, ನಮ್ಮವರ ನೌಕರಿಯ ಬೆನ್ನಿಗೆ ವಿಜಾಪುರಕ್ಕೆ ಬಂದವಳು ನಾನು. ಜೋರಾಪುರ ಪೇಟೆಯಲ್ಲಿ ಬಾಡಿಗೆಗೆ ಮನೆ ಕೇಳಿದಲ್ಲೆಲ್ಲ ಮೊದಲ ಪ್ರಶ್ನೆ, ಮೀನು ತಿನ್ನುವ ಮಂದಿಯೇ ಎಂದು. ನಮ್ಮೂರಿನಲ್ಲಿ ಹಾಗೆ ಕೇಳುವವರಿಗೆ ತಲೆ ಸರಿ ಇಲ್ಲ ಎಂದುಕೊಳ್ಳುತ್ತಾರೆ. ಕೊನೆಗೆ ಒಂದು ಮಾಳಿಗೆ ಮನೆ ಸಿಕ್ಕಿತು. ಮಾಳಿಗೆ ಎಂದೊಡನೆ ನಾನು ಮೆಟ್ಟಿಲು ಹುಡುಕಿದೆ. ಇಲ್ಲಿ ಮಾಳಿಗೆ ಎಂದರೆ ಮೇಲಂತಸ್ತಲ್ಲ, ಮಣ್ಣು ಹೊದಿಸಿದ ಚಪ್ಪಟೆ ಸೂರು. ಕನ್ನಡದಿಂದ ಕನ್ನಡಕ್ಕೆ ಹೋಗುವವಳು ಭಾಷೆ ಕಲಿಯಬೇಕಿಲ್ಲ ಎಂದುಕೊಂಡಿದ್ದೆ. ಗೊತ್ತಿಲ್ಲದ ಮಾತಾದರೆ ಕೇಳಿ ತಿಳಿದುಕೊಳ್ಳುತ್ತೇವೆ. ಗೊತ್ತಿರುವ ಮಾತನ್ನು ಯಾರು ಕೇಳುತ್ತಾರೆ?

ಊರಿನಲ್ಲಿ ಕರೆಯದೆ ಹೊಸ್ತಿಲು ದಾಟುತ್ತಿದ್ದ ನೀರಿಗೆ ಇಲ್ಲಿ ಕೊಡ ಹಿಡಿದು ಕಾಯಬೇಕಿತ್ತು. ಹಾಗೆ ಕಾಯುವಾಗಲೇ ನನಗೆ ನಮ್ಮ ಗಜನಿ ಗದ್ದೆಯ ಹುಚ್ಚು ಹಿಡಿದಿರಬೇಕು. ಮಳೆಗಾಲದಲ್ಲಿ ಭತ್ತ, ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಅನ್ನವೂ ಅದಕ್ಕೆ ಕಲಸುವ ಪದಾರ್ಥವೂ ಒಂದೇ ನೆಲದಿಂದ ಬರುವುದು ಮೂರು ಲೋಕಕ್ಕೂ ಸಹಜವೆಂದು ನಂಬಿ ಬೆಳೆದವಳು ನಾನು. ತಿಕೋಟಾ ದಾಟಿ, ಕನಮಡಿ ರಸ್ತೆಯ ಬದಿಗೆ ಒಂದು ಇಳಿಜಾರಿನ ಹೊಲ ಸಿಕ್ಕಾಗ ಗೋಡೆಯ ಮೇಲೆ ಇದ್ದಿಲಿನಿಂದ ನಕ್ಷೆ ಬರೆದೆ. ಮೇಲೆ ಇಳಿಜಾರಿಗೆ ಅಡ್ಡಲಾಗಿ ಕಾಲುವೆಗಳು, ಅವುಗಳ ನೀರು ನಿಲ್ಲಲು ಹೊಂಡ, ಹೊಂಡದಲ್ಲಿ ಮೀನು, ದಡದಲ್ಲಿ ಬಾತುಕೋಳಿ, ಕೆಳಗೆ ನಿಂಬೆ, ನುಗ್ಗೆ, ಪಪ್ಪಾಯಿ. ಬಾತಿನ ಹಿಕ್ಕೆ ನೀರಿಗೆ, ಹೊಂಡದ ಕೆಸರು ಗಿಡಕ್ಕೆ. ಒಂದು ಹನಿಯೂ ನಮ್ಮನ್ನು ಬಿಟ್ಟು ಹೋಗಬಾರದು. ನಕ್ಷೆಯಲ್ಲಿ ಎಲ್ಲಕ್ಕೂ ಜಾಗವಿತ್ತು. ನೆಲದ ಕೆಳಗೆ ಏನಿದೆ ಎಂಬುದಕ್ಕೆ ಮಾತ್ರ ಗೋಡೆಯ ಮೇಲೆ ಜಾಗವಿರಲಿಲ್ಲ.

ಹೊಲದಲ್ಲೇ ಒಂದು ಸಣ್ಣ ಮನೆ ಮಾಡಿಕೊಂಡು ಬಂದೆವು. ಅದರ ಕೆಳಮಗ್ಗುಲಿಗೆ ಹುಸೇನಬಿಯ ಮನೆ. ವಯಸ್ಸಾದ ಹೆಂಗಸು, ಗಂಡನಿಲ್ಲ, ಮಗ ಮೌಲಾನ ಜೊತೆ ಒಕ್ಕಲುತನ ಮಾಡಿಕೊಂಡಿದ್ದರು. ಹೊಂಡಕ್ಕೆ ಗೂಟ ಹೊಡೆಯುತ್ತಿದ್ದ ದಿನ ಬೇಲಿಯ ಹತ್ತಿರ ಬಂದು ನಿಂತು ಹೇಳಿದರು:

"ಅಲ್ಲಿ ತೋಡಬ್ಯಾಡ್ರಿ ಬಾಯಾರ. ಕೆಳಗ ಹಗೆ ಐತಿ."

"ಯಾರ ಹಗೆ ಅಮ್ಮಾ?"

"ಯಾರದಂದ್ರ? ನಮ್ಮದ. ನಮ್ಮ ಅತ್ತಿ ಕಾಲದ್ದು."

"ಇಷ್ಟು ವರ್ಷವಾದರೂ ಹೋಗಿಲ್ಲವೇ?"

ಹುಸೇನಬಿ ನನ್ನನ್ನು ವಿಚಿತ್ರವಾಗಿ ನೋಡಿದರು. "ಎಲ್ಲಿ ಹೋಗತೈತ್ರಿ? ಬಾಯಿ ಮುಚ್ಚಿಟ್ರ ಎಷ್ಟ ವರ್ಷಾದ್ರೂ ಕೆಡೂದಿಲ್ಲ. ನೀರ ತಾಗಬಾರದಷ್ಟ."

ಕೆಳಗಿನ ಮನೆಗಳವರ ಜೊತೆ ನೀರಿನ ವೈರ, ಅತ್ತೆಯ ಕಾಲದಿಂದ ನಡೆದು ಬಂದದ್ದು ಎಂದು ನಮ್ಮವರಿಗೆ ವರದಿ ಮಾಡಿದೆ. ಊರ ಜಗಳದಲ್ಲಿ ಪರಸ್ಥಳದವರು ಬಾಯಿ ಹಾಕಬಾರದು, ಯಾರ ಜೊತೆ ಎಂದು ಕೇಳಲೂ ಬೇಡ ಎಂದರು ಅವರು. ಹೊಂಡವನ್ನು ಬೇಲಿಯಿಂದ ತುಸು ಮೇಲಕ್ಕೆ ಸರಿಸಿದೆವು. ಅದನ್ನು ಕಂಡ ಹುಸೇನಬಿ, ತಮ್ಮ ಮಾತು ನಮಗೆ ತಿಳಿಯಿತೆಂದುಕೊಂಡು ಸುಮ್ಮನಾದರು. ಎರಡೂ ಕಡೆಗೆ ಸಮಾಧಾನವಾಯಿತು.

ಜಲ್ಲಿಕಲ್ಲು ಬೆರೆತ ಈ ಗರಸಿನ ನೆಲದಲ್ಲಿ ನೀರು ನಿಲ್ಲುವುದಿಲ್ಲವೆಂದು ಎಲ್ಲರೂ ನಕ್ಕಿದ್ದರು, ಹುಸೇನಬಿಯೂ. ಬಬಲೇಶ್ವರದ ಕಡೆಯಿಂದ ಗಾಡಿಗಳಲ್ಲಿ ಎರೆಮಣ್ಣು ತರಿಸಿ, ತಳಕ್ಕೆ ಹಾಸಿ, ಎತ್ತುಗಳಿಂದ ತುಳಿಸಿದೆವು. ನೀರು ನಿಂತಿತು. ಮೀನಿನ ಮರಿ ತರಲು ಮೌಲಾ ನನ್ನೊಂದಿಗೆ ವಿಜಾಪುರಕ್ಕೆ ಬಂದ. ತಿರುಗಿ ಬರುವಾಗ ಬಸ್ಸಿನಲ್ಲಿ ಕಂಡಕ್ಟರು ಕೊಡದೊಳಗೆ ಇಣುಕಿ, ಇವಕ್ಕೂ ತಿಕೀಟು ಆಗುತ್ತದೆ ಎಂದ. ಮೌಲಾ ಕೊಡವನ್ನು ತೊಡೆಯ ಮೇಲೆ ಎಳೆದುಕೊಂಡು, "ತೊಡಿ ಮ್ಯಾಲಿನ ಕೂಸಿಗೆ ಯಾವ ತಿಕೀಟಲೇ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಆ ನಗುವಿನ ನಡುವೆ, ಬಂದ ಮೇಲೆ ಮೊದಲ ಬಾರಿಗೆ, ನಾನೂ ಈ ಕಡೆಯವಳೇ ಅನ್ನಿಸಿತ್ತು.

ಮೀನು ಬೆಳೆದವು. ಆದರೆ ನೀರು ಇಳಿಯುತ್ತಿತ್ತು. ಬಿಸಿಲಿಗೆ ಇಳಿಯುವ ಬಗೆ ಬೇರೆ. ಇದು ಯಾರೋ ಕೆಳಗೆ ಕುಳಿತು ಗುಟುಕರಿಸುವ ಹಾಗೆ, ಮೋಡವಿದ್ದ ದಿನವೂ ಇಳಿಯುತ್ತಿತ್ತು. ನಾನು ಮೇಲಿನ ಕಾಲುವೆಗಳನ್ನು ಇನ್ನಷ್ಟು ಅಗಲ ಮಾಡಿಸಿದೆ. ಒಂದು ಅಡ್ಡಮಳೆಗೆ ಹೊಂಡ ತುಂಬಿ, ಕೋಡಿ ಒಡೆದು, ನೀರು ಹುಸೇನಬಿಯ ಅಂಗಳದ ಮೇಲೆ ಹಾದು ಹೋಯಿತು. ಮರುದಿನ ಅಂಗಳ ಒಣಗಿತ್ತು, ನೀರೆಲ್ಲ ಹರಿದು ಹೋಯಿತೆಂದೇ ಎಲ್ಲರೂ ತಿಳಿದೆವು. ಆಮೇಲೆ ಆ ಕಡೆಯಿಂದ ಒಂದು ಹುಳಿವಾಸನೆ ಬರತೊಡಗಿತು. ನನಗದು ಹಿತವಾಗಿತ್ತು ಎಂದರೆ ನೀವು ನಂಬುತ್ತೀರಿ, ನಮ್ಮ ಗಜನಿಯ ಕೆಸರೂ ಹಾಗೇ ನಾರುತ್ತದೆ. ಹುಸೇನಬಿಯ ಬೆಕ್ಕು ಅಂಗಳದ ಒಂದೇ ಜಾಗದಲ್ಲಿ ಮಲಗುತ್ತಿತ್ತು. ಒಂದು ಸಂಜೆ ಅದನ್ನು ಎತ್ತಿಕೊಳ್ಳಲು ಬಾಗಿದಾಗ ಅಲ್ಲಿನ ನೆಲ ಬೆಚ್ಚಗಿತ್ತು. ದಿನದ ಬಿಸಿಲು ಎಂದುಕೊಂಡೆ. ಆ ದಿನ ಬಿಸಿಲಿತ್ತೇ? ಈಗ ಹೇಳಲಾರೆ.

ಮೌಲಾನ ಮದುವೆ ಹತ್ತಿರ ಬಂತು. ಒಂದು ಬೆಳಗ್ಗೆ ಅವನು ನಮ್ಮ ಬಾಗಿಲಿಗೆ ಬಂದ. ಹಿಂದೆ ಹಾರೆ ಹಿಡಿದ ಅವನ ಸಂಬಂಧಿಕರು.

"ಹಗೆ ತೆಗೀತೇವ್ರಿ. ನಿಮ್ಮ ಕಂದೀಲ ಬೇಕಾಗೇತಿ."

ಇವತ್ತು ಹೊಡೆದಾಟವೇ ಎಂದುಕೊಂಡರು ನಮ್ಮವರು. ಕಂದೀಲು ಕೊಟ್ಟು, ನಾವು ಯಾರ ಕಡೆಯವರೂ ಅಲ್ಲ, ನಮ್ಮನ್ನು ಬಿಟ್ಟುಬಿಡಿ ಎಂದರು. ನಿಮ್ಮನ್ನು ಬಿಟ್ಟು ಹೇಗೆ ಉಣ್ಣುವುದು ಎಂದು ಮೌಲಾ ನಕ್ಕು ಹೋದ. ನಾವು ಚಿಲಕ ಹಾಕಿಕೊಂಡು ಕಿಟಕಿಯಿಂದ ನೋಡಿದೆವು. ಹಾರೆಗಳು ಯಾರ ಮನೆಗೂ ಹೋಗಲಿಲ್ಲ. ಹುಸೇನಬಿಯ ಅಂಗಳದಲ್ಲೇ, ಬೆಕ್ಕು ಮಲಗುತ್ತಿದ್ದ ಜಾಗದ ಮಣ್ಣು ಕೆರೆದು, ಒಂದು ಚಪ್ಪಡಿ ಎತ್ತಿದವು.

ಹಗೆ ಎಂದರೆ ಇಲ್ಲಿ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ನೀರು ತಾಗಬಾರದಷ್ಟೆ.

ನಾನು ಓಡಿ ಹೋದೆ. ಬೇಲಿ ದಾಟುವ ಮೊದಲೇ ಹುಳಿವಾಸನೆ ಮುಖಕ್ಕೆ ಹೊಡೆಯಿತು. ಕಾಳು ಕೊಳೆತರೆ ಒಳಗಿನ ಗಾಳಿ ಮನುಷ್ಯನ ಜೀವ ತೆಗೆಯುತ್ತದೆ, ಅದಕ್ಕೇ ಮೊದಲು ದೀಪ ಇಳಿಸುವುದು. ಮೊದಲ ಸಲವೋ ಎರಡನೆಯ ಸಲವೋ, ಕಂದೀಲು ಆರಿತು. ಹುಸೇನಬಿ ಇವತ್ತು ಯಾರೂ ಇಳಿಯಬಾರದು, ಬಾಯಿ ತೆರೆದು ಬಿಡಿ, ನಾಳೆ ನೋಡೋಣ ಎಂದರು. ಮನೆಯಲ್ಲಿ ಬೀಗರು, ಬೀಸಲು ಜೋಳವಿಲ್ಲ. ಮೌಲಾ ಆಗಲೇ ನಡುವಿಗೆ ಹಗ್ಗ ಸುತ್ತಿಕೊಂಡಿದ್ದ.

"ಕಂದೀಲದಾಗ ಎಣ್ಣಿ ಇಲ್ಲಬೇ ಅಮ್ಮಾ. ಬಾಯಾರ ಮನ್ಯಾಗ ಎಣ್ಣೀನೂ ಮೀನಿಗೇ ಹಾಕ್ತಾರ."

ಎಲ್ಲರೂ ನಕ್ಕರು, ನಾನೂ ನಕ್ಕಿರಬೇಕು. ಅವನ ತಲೆ ಕೆಳಗೆ ಮರೆಯಾಯಿತು. ಸ್ವಲ್ಪ ಹೊತ್ತು ಮಾತು ಕೇಳಿಸುತ್ತಿತ್ತು, ಆಮೇಲೆ ಇಲ್ಲ. ಹುಸೇನಬಿ ಕೂಗಲಿಲ್ಲ. "ಜಗ್ಗ್ರಿ" ಎಂದರು, ಅಷ್ಟೆ. ಎಳೆದು ಹಾಕಿದಾಗ ತುಟಿ ನೇರಳೆಯಾಗಿತ್ತು. ಬೇವಿನ ನೆರಳಲ್ಲಿ ಮಲಗಿಸಿ, ತಾಯಿ ಅವನ ಎದೆ ತಿಕ್ಕುತ್ತಲೇ ಇದ್ದರು. ಬಹಳ ಹೊತ್ತಿಗೆ ಕಣ್ಣು ಬಿಟ್ಟ. ಮೊದಲ ಮಾತು:

"ಕೆಳಗ ಮೀನ ಐತಿ."

ಹುಸೇನಬಿ ಅವತ್ತೇ ಗರಸು ಹಾಕಿಸಿ ಆ ಬಾಯಿ ಮುಚ್ಚಿಸಿದರು. ಬಬಲೇಶ್ವರದ ಸಂಬಂಧಿಕರ ಜೋಳದಲ್ಲಿ ಮದುವೆಯಾಯಿತು. ಹೊಂಡ ಮುಚ್ಚುತ್ತೇನೆ ಎಂದು ಹೇಳಲು ಹೋದೆ. "ಹಗೆ ಮುಗೀತು ಬಾಯಾರ. ಹೊಂಡಾದ್ರೂ ಇರಲಿ" ಎಂದರು. ಯಾವ ಹಗೆ ಎಂದು ಕೇಳುವ ಧೈರ್ಯವಾಗಲಿಲ್ಲ.

ಮೌಲಾ ಬದುಕಿದ್ದಾನೆ, ಮಕ್ಕಳಾಗಿವೆ. ಆದರೆ ಆಮೇಲೆ ಅವನು ತಮಾಷೆ ಮಾಡಿದ್ದನ್ನು ನಾನು ಕೇಳಿಲ್ಲ. ಹೊಲಕ್ಕೆ ಹೋಗುವಾಗ ಹೊಂಡದ ದಡ ಬಿಟ್ಟು ಸುತ್ತುಹಾಕಿ ಹೋಗುತ್ತಾನೆ. ನನ್ನನ್ನು ಇಲ್ಲಿ ಈಗಲೂ ಮೀನಿನ ಬಾಯಾರು ಎನ್ನುತ್ತಾರೆ. ಊರಿಗೆ ಬಂದರೆ ನನ್ನ ಬಾಯಲ್ಲಿ ಐತಿ, ಹೌದಲ್ರಿ ಎಂಬ ಮಾತು ಕೇಳಿ ನೀವು ನಗುತ್ತೀರಿ. ಗಜನಿಯ ಕೆಸರಿನ ವಾಸನೆಗೆ ಅಲ್ಲಿ ನನಗೆ ಉಸಿರು ಕಟ್ಟುತ್ತದೆ, ಕಾಲಡಿಯ ನೆಲ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡುತ್ತೇನೆ. ಇಲ್ಲಿ ಮಳೆ ಬಿದ್ದರೆ ಸಂತೋಷಪಡುವ ಮೊದಲು ಕೆಳಗಿನ ಅಂಗಳ ನೋಡುತ್ತೇನೆ.

ಕಾಳು ಕೊಳೆಸಿದ ನೀರು ನಮ್ಮ ಹೊಂಡದಿಂದ ಒಳಗೊಳಗೇ ಜಿನುಗಿದ್ದೋ, ಆ ಅಡ್ಡಮಳೆಯದೋ, ಗೊತ್ತಿಲ್ಲ. ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಬಾಯಿಯೊಳಗೆ ಮೀನು ಹೋಗಲು ಸಾಧ್ಯವಿಲ್ಲ. ಉಸಿರು ಕಟ್ಟಿದವನ ಕಣ್ಣಿಗೆ ಏನೇನೋ ಕಾಣುತ್ತದೆ ಎಂದು ನಮ್ಮವರು ಹೇಳುತ್ತಾರೆ. ಇರಬಹುದು. ಬಾಯಿ ಮುಚ್ಚುವ ಮೊದಲು ಇನ್ನೊಂದು ದೀಪ ಇಳಿಸಿ ಯಾರೂ ನೋಡಲಿಲ್ಲ. ಅಲ್ಲಿ ಮೀನು ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.