ನಕ್ಷತ್ರ ಆರಿದ್ದಕ್ಕೆ ಸಾಕ್ಷಿ

ನಮ್ಮ ಬೀದಿಯ ಟೈಲರ್ ಮಾಸ್ಟರಿಗೆ ಇದ್ದದ್ದು ಒಂದೇ ಹುಚ್ಚು. ಕುಡಿತದ ಹುಚ್ಚಾಗಿದ್ದರೆ ಜನ ಅರ್ಥ ಮಾಡಿಕೊಳ್ಳುತ್ತಿದ್ದರೋ ಏನೋ. ಇವರದು ನಕ್ಷತ್ರ ಆರುವುದನ್ನು ನೋಡುವ ಹುಚ್ಚು.

ನೆಪ್ಚೂನಿಗಿಂತಲೂ ಆಚೆ ಹಿಮದ ಪುಟ್ಟ ಲೋಕಗಳು ಸುತ್ತುತ್ತಿರುತ್ತವೆ. ಮನೆಯ ದುರ್ಬೀನಿಗೆ ಅವು ಕಾಣುವುದೇ ಇಲ್ಲ. ಆದರೆ ಅಪರೂಪಕ್ಕೆ ಅಂಥದೊಂದು ಯಾವುದಾದರೂ ನಕ್ಷತ್ರದ ಮುಂದೆ ಹಾದುಹೋದಾಗ ನಕ್ಷತ್ರ ಕೊಂಚ ಹೊತ್ತು ಆರಿಹೋಗುತ್ತದೆ. ಎಷ್ಟು ಹೊತ್ತು ಆರಿತ್ತೆಂದು ಬೇರೆ ಬೇರೆ ಊರಿನವರು ಹೇಳಿದರೆ ಆ ಲೋಕದ ಅಳತೆ, ಆಕಾರ ಎರಡೂ ಸಿಗುತ್ತವೆ. ಮೈ ಮುಟ್ಟದೆ ಅಳತೆ ತೆಗೆಯುವ ಕೆಲಸ ಟೈಲರಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನು!

ತಾರಸಿಯ ಮೇಲೆ ದುರ್ಬೀನು. ಪಕ್ಕದಲ್ಲಿ ಟಿಕ್ ಟಿಕ್ ಎಂದು ಸಮಯ ಹೇಳುವ ರೇಡಿಯೋ, ಸದ್ದು ಹಿಡಿದಿಡುವ ಮೊಬೈಲು. ನಕ್ಷತ್ರ ಆರಿದರೆ "ಹೋಯ್ತು", ಮತ್ತೆ ಕಂಡರೆ "ಬಂತು" ಎಂದು ಕೂಗಬೇಕು. ಆ ಧ್ವನಿಯನ್ನು ದೂರದೂರಿನಲ್ಲಿ ಲೆಕ್ಕ ಹಾಕುವ ಮೇಡಂಗೆ ಕಳಿಸಬೇಕು. ಎಲ್ಲರದೂ ಬಂದು ಸೇರುವವರೆಗೆ ಆಕೆ ಯಾರಿಗೂ ಬಾಯಿ ಬಿಡುವವರಲ್ಲ. ಬೇರೆಯವರಿಗೆ ಏನು ಕಂಡಿತೆಂದು ಗೊತ್ತಾದವನಿಗೆ ಇಲ್ಲದ್ದೂ ಕಂಡೀತೆಂಬ ಭಯ.

ತಲೆ ಬೆಳ್ಳಗಾಗುವವರೆಗೆ ಕೂತರೂ ಮಾಸ್ಟರು ಒಮ್ಮೆಯೂ "ಹೋಯ್ತು" ಎನ್ನಲಿಲ್ಲ. ಆ ಲೋಕಗಳ ನೆರಳು ಪ್ರತಿ ಸಲ ಊರನ್ನು ತಪ್ಪಿಸಿಕೊಂಡು ಆಚೀಚೆ ಬೀಳುತ್ತಿತ್ತು. "ಆರಲಿಲ್ಲ ಅನ್ನೋದೂ ಬೇಕು ಮಾಸ್ಟ್ರೇ, ನೆರಳಿನ ಅಂಚು ಎಲ್ಲಿದೆ ಅಂತ ಗೊತ್ತಾಗುತ್ತೆ" ಎಂದು ಮೇಡಂ ಸಮಾಧಾನ ಹೇಳುವರು. ಹೆಂಡತಿ ಮಾತ್ರ, "ಗಿರಾಕಿ ಬರದೇ ಇದ್ರೂ ಅಂಗಡಿ ತೆಗೆಯೋರು ನೀವೊಬ್ರೇ ಕಣ್ರೀ" ಎಂದು ಛೇಡಿಸುವಳು.

ಆಮೇಲೆ ಕಣ್ಣು ಕೈಕೊಟ್ಟಿತು. ಎಡಗಣ್ಣು ಚಿಕ್ಕಂದಿನಿಂದಲೇ ಮಂದ. ಈಗ ಬಲಗಣ್ಣಿನ ಒಳಪರದೆಯೂ ಸವೆಯುತ್ತಿದೆ, ಸಣ್ಣ ವಸ್ತು ನೋಡನೋಡುತ್ತಲೇ ಮಾಯವಾಗಿ ಮತ್ತೆ ಕಾಣಬಹುದು, ಇದು ವಾಸಿಯಾಗುವಂಥದ್ದಲ್ಲ ಎಂದರು ಡಾಕ್ಟರು. ಸೂಜಿಗೆ ದಾರ ಪೋಣಿಸುವ ಕೆಲಸ ಹೆಂಡತಿಯ ಪಾಲಿಗೆ ಬಂತು.

ಅದೇ ಹೊತ್ತಿಗೆ ಮೇಡಂ ಫೋನು ಮಾಡಿದರು. ಈ ಸಲ ನೆರಳು ನೇರವಾಗಿ ಮಾಸ್ಟರ ಊರಿನ ಮೇಲೆಯೇ! ಇನ್ನೊಂದು ಸಲಕ್ಕೆ ಕಣ್ಣು ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ ನೋಡಬೇಕು, ಅಷ್ಟೇ ಆಸೆ. ಕಣ್ಣಿನ ವಿಷಯ ಎತ್ತಲಿಲ್ಲ.

ಆ ದಿನ ಮುಸ್ಸಂಜೆ ಕಳೆದು ಕತ್ತಲು ಕವಿಯುತ್ತಿದ್ದಂತೆ ದುರ್ಬೀನಿಗೆ ಕಣ್ಣಿಟ್ಟರು. ಹೆಂಡತಿ ಪಕ್ಕದಲ್ಲೇ ನಿಂತಳು.

"ಹೋಯ್ತು!"

ಕೂಗಿದ್ದೇ ತಡ, ಡಾಕ್ಟರ ಮಾತು ನೆನಪಾಯಿತು. ಆರಿದ್ದು ನಕ್ಷತ್ರವೋ, ತಮ್ಮ ಕಣ್ಣೋ?

"ಬಂತು," ಎಂದರು. ಧ್ವನಿಯಲ್ಲಿ ಜೀವವಿರಲಿಲ್ಲ.

ಚಪ್ಪಾಳೆ ತಟ್ಟಲು ಹೋದ ಹೆಂಡತಿ ಅವರ ಮುಖ ನೋಡಿ ಕೈ ಇಳಿಸಿದಳು.

"ಆರಿದ್ದು ನನ್ನ ಕಣ್ಣೇನೋ ಕಣೇ."

"ಕಂಡಿದ್ದನ್ನ ಕಂಡೆ ಅನ್ನೋಕೆ ಏನ್ರೀ ಕಷ್ಟ?"

"ಒಂದು ಅಳತೆ ತಪ್ಪು ಕೊಟ್ರೆ ಇಡೀ ಕೋಟೇ ಹಾಳು ಕಣೇ."

ಧ್ವನಿಯ ಜೊತೆ ಒಂದು ಸಾಲು ಬರೆದು ಕಳಿಸಿದರು: ನನ್ನ ಕಣ್ಣು ಸರಿಯಿಲ್ಲ, ದಯವಿಟ್ಟು ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೇಡಂ ಮತ್ತೆ ಫೋನು ಮಾಡುವಷ್ಟರಲ್ಲಿ ಮಾಸ್ಟರು ಕಸುಬು ಬಿಟ್ಟು ಕತ್ತರಿ ಕೆಳಗಿಟ್ಟಾಗಿತ್ತು. ಎದುರಿಗೆ ಕೂತ ಹೆಂಡತಿಯ ಮುಖವೂ ನಡುವೆ ಅಳಿಸಿದಂತೆ ಕಾಣುತ್ತಿತ್ತು.

"ಮಾಸ್ಟ್ರೇ, ಉಳಿದೋರದ್ದೆಲ್ಲ ಕೂಡಿಸಿ ನೋಡಿದೆ. ನಿಮ್ಮೂರಲ್ಲಿ ಯಾವಾಗ ಆರಬೇಕಿತ್ತೋ ಸರಿಯಾಗಿ ಆವಾಗ್ಲೇ ಕೂಗಿದೀರಿ. ಹೂಂ ಅನ್ನಿ, ನಿಮ್ಮದನ್ನೂ ಸೇರಿಸಿಬಿಡ್ತೀನಿ."

ಮಾಸ್ಟರು ಕಣ್ಣೊರೆಸಿಕೊಂಡರು. "ಉತ್ತರ ಗೊತ್ತಾದ್ಮೇಲೆ ಹೂಂ ಅಂದ್ರೆ ಅದು ಸಾಕ್ಷಿ ಅಲ್ಲ ಮೇಡಂ. ಬೇಡ, ಬಿಡಿ."

"ಏನಂತೆ?" ಎಂದಳು ಹೆಂಡತಿ.

"ನಿಜವಾಗ್ಲೂ ಆರಿತ್ತಂತೆ."

"ಮತ್ತೆ ಯಾಕ್ರೀ ಅಳ್ತೀರಾ? ಆಸೆ ತೀರ್ತಲ್ಲ!"

"ಎಲ್ಲಿ ತೀರ್ತು? ಅದು ಆರಿದ್ದಷ್ಟು ಹೊತ್ತೂ ನಾನು ನನ್ನ ಕಣ್ಣನ್ನ ಬೈಕೋತಾ ಕೂತಿದ್ದೆ."