ಹೆಗ್ಗರಣೆಯ ಬಿಸಿನೀರಿನ ತೊಟ್ಟಿ

ಹೆಗ್ಗರಣೆಯ ಈ ಹೋಂಸ್ಟೇ ಆರಿಸಿದ್ದೇ ಹಿತ್ತಲಿನ ಕಲ್ಲುತೊಟ್ಟಿಗಾಗಿ. ಜಪಾನಿನವರ ಹಾಗೆ ಬಯಲಲ್ಲೇ ಬಿಸಿನೀರಿನಲ್ಲಿ ಕೂರಬಹುದು. ಸಂಜೆ ನಾನೇ ನಲ್ಲಿಯಿಂದ ತಣ್ಣೀರು ತುಂಬಿಸಿ, ಅದಕ್ಕೆ ಹಂಡೆಯ ಕುದಿನೀರು ಸುರಿದೆ. ನಮ್ಮ ಯಜಮಾನರು ಇಳಿದು ಕಣ್ಣು ಮುಚ್ಚಿ ಒರಗಿದರು.

ಅಲ್ಲೇ ತಂಗಿದ್ದು, ತೊಟ್ಟಿಯ ಸರದಿಗೆ ಕಾಯುತ್ತಿದ್ದ ಜಪಾನಿ ಹೆಂಗಸೊಬ್ಬಳು ನನ್ನ ಕೈ ಹಿಡಿದಳು. ಮೊದಲು ನಲ್ಲಿ, ಆಮೇಲೆ ಹಂಡೆ ತೋರಿಸಿ, ಹಾಗಲ್ಲವೆಂದು ತಲೆಯಾಡಿಸಿದಳು. ಆಮೇಲೆ ಎದೆಯ ಮೇಲೆ ಕೈ ಜೋಡಿಸಿ, ಕಣ್ಣು ಮುಚ್ಚಿ, ಹೆಣದ ಹಾಗೆ ನಿಂತಳು.

ಅದನ್ನು ಕಂಡು ಮನೆಯೊಡತಿ ಗೌರಕ್ಕ ಹತ್ತಿರ ಬಂದರು. “ತಣ್ಣೀರು ಮೊದ್ಲು ಹಾಕಿದ್ರ? ಹೆಣ ಮೀಯಿಸುವಾಗ ಹಾಂಗೆ ಬೆರೆಸೋದು. ಅವ್ರ ದೇಶದಲ್ಲೂ ಅದೇ ಕ್ರಮ ಕಾಣ್ತು. ಎಬ್ಸಿ ಅವ್ರನ್ನ.”

“ರೀ” ಎಂದೆ. ಅಲುಗಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಹೆಸರು ಹಿಡಿದು ಕರೆದೆ. ಕಣ್ಣು ತೆರೆದು, ನನ್ನನ್ನೇ ದಿಟ್ಟಿಸಿ, “ಯಾರು ನೀವು?” ಎಂದರು.